ಎದೆಮಟ್ಟ

ಗೊರೂರಿನ ಹಿನ್ನೀರಿನ ದಡಕ್ಕೆ ಆರು ಲೋಡು ಎಂ-ಸ್ಯಾಂಡ್ ಸುರಿದು
ನಮ್ಮ ಯಜಮಾನರು ಬೋರ್ಡು ಹಾಕಿದ್ದಾರೆ: ಬೀಚ್ ರೆಸಾರ್ಟ್.
ಹುಲ್ಲಿನ ಕೊಡೆ, ಹಗ್ಗದ ಜೋಲಿ, ಶಂಖದಾಕಾರದ ಸೋಪು.
ನಾನು ವ್ಯಾನಿನ ಡ್ರೈವರು. ಕಡಲು ಕಂಡವನಲ್ಲ.
ಶಿರಾಡಿ ಇಳಿಯುವ ಬಾಡಿಗೆ ಬಂದಾಗೆಲ್ಲ
ಒಂದೋ ಗುಡ್ಡ ಕುಸಿದಿರುತ್ತೆ, ಇಲ್ಲಾ ನನ್ನ ಕ್ಲಚ್ಚು ಕೂತಿರುತ್ತೆ.

ಜೂನ್ ಮೊದಲ ವಾರ ಬಂದರು ಮೂವರು,
ಮಲ್ಪೆಯಲ್ಲಿ ಬೋಟುಗಳೆಲ್ಲ ದಡ ಹತ್ತಿ ಮಲಗಿದ ಕಾಲ.
ಚೀಟಿ ಎತ್ತಿದ ದುಡ್ಡು, ಮೂರು ರಾತ್ರಿಯ ಪ್ಯಾಕೇಜು,
ಊಟ ತಿಂಡಿ ಸೇರಿ, ಸುತ್ತಾಟ ಸೇರಿ.
ಮೀನು ಮಾರುವ ಹೆಂಗಸರು. ಹಿರಿಯಳು ವಾರಿಜಕ್ಕ,
ಬುಟ್ಟಿ ಹೊತ್ತು ಹೊತ್ತು ನೆತ್ತಿಯ ನಡುವೆ
ಕೂದಲಿಲ್ಲದ ಒಂದು ರೂಪಾಯಿಯಗಲ.

ಬಂದವಳೇ ದಡದಲ್ಲಿ ನಿಂತಳು. ನೀರು ಅರ್ಧ ಮೈಲಿ ಆಚೆ;
ನಡುವೆ ಬಿರಿದ ಕೆಸರು, ಎರಡು ಎಮ್ಮೆ, ಯಾರದೋ ಹೊಲದ ಬಾಂದುಕಲ್ಲು.
"ಇಳಿತವಾ ಮಾರಾಯ? ಉಬ್ಬರ ಯಾವಾಗ?"
"ಮೂಡಿಗೆರೆ ಕಡೆ ಮಳೆ ಹಿಡೀಬೇಕು ಅಕ್ಕ. ಜುಲೈಗೆ."
ನಕ್ಕಳು. ಎಷ್ಟು ನಕ್ಕಳೆಂದರೆ
ಜೋಲಿಯಲ್ಲಿದ್ದವರು ತಂಪು ಕನ್ನಡಕ ಎತ್ತಿ ನೋಡಿದರು.
"ವರ್ಷಕ್ಕೊಂದೇ ಉಬ್ಬರ! ಭಾರೀ ಸೋಮಾರಿ ಕಡಲು ನಿಮ್ಮದು."

ಮೊದಲ ರಾತ್ರಿ ಮೂವರಿಗೂ ನಿದ್ದೆಯಿಲ್ಲವಂತೆ.
ಹಾಸಿಗೆ ಮೆತ್ತಗುಂಟು, ಶಬ್ದವೇ ಇಲ್ಲ.
ಕೊನೆಗೆ ಏಸಿ ಆರಿಸಿ, ಫ್ಯಾನು ಐದಕ್ಕೆ ತಿರುಗಿಸಿ
ಅದರ ಗೊರಗೊರಕ್ಕೆ ಕಣ್ಣು ಮುಚ್ಚಿದರಂತೆ.

ಪಟ್ಟಿಯಲ್ಲಿ ಮಡಕೆ ಮಾಡುವುದಿತ್ತು, ಕೋಲಾಟವಿತ್ತು.
"ಮೊದಲು ನಿಮ್ಮ ಮೀನು ಮಾರ್ಕೆಟು ತೋರಿಸು" ಅಂದಳು.
ಹಾಸನದಲ್ಲಿ ಐಸಿನ ಮೇಲಿನ ಬಂಗುಡೆಯ ಕಣ್ಣು ನೋಡಿ
"ಪಾಪ, ನನಗಿಂತ ಎಷ್ಟೋ ಮುಂಚೆ ಹೊರಟದ್ದು."
ಜಿಲೇಬಿ ಮೀನಿನ ಹೆಸರು ಕೇಳಿ
"ಪಾಕಕ್ಕೆ ಹಾಕ್ತೀರಾ?" ಅಂತ ಎತ್ತಿ ಮೂಸಿ
ಕೆರೆ ಮಣ್ಣು ಅಂತ ಕೆಳಗಿಟ್ಟಳು.

ಹಳೇಬೀಡಿನಲ್ಲಿ ಗೈಡು ಕೆಳಗಿಂದ ಎಣಿಸುತ್ತ ಬಂದ,
ಆನೆ, ಸಿಂಹ, ಬಳ್ಳಿ, ಕುದುರೆ;
ವಾರಿಜಕ್ಕ ಆಕಳಿಸುತ್ತ ಬಂದಳು.
ಎದೆಮಟ್ಟದ ಸಾಲಿಗೆ ಗಕ್ಕನೆ ನಿಂತಳು.
"ಇದೆಂತ ಮೀನು?"
"ಮಕರ ಅಮ್ಮ. ಸೊಂಡಿಲು ಆನೇದು, ಬಾಯಿ ಮೊಸಳೇದು, ಬಾಲ ನವಿಲಿಂದು."
ಮುಟ್ಟಬಾರದು ಅನ್ನುವಷ್ಟರಲ್ಲಿ ಕೈ ಹೋಗಿತ್ತು,
ಕಿವಿರು ಇರಬೇಕಾದ ಜಾಗದಲ್ಲಿ ಹೆಬ್ಬೆರಳು ಒತ್ತಿ ನೋಡಿದಳು
ತಾಜಾ ಉಂಟೋ ಇಲ್ಲವೋ ಎಂಬಂತೆ.
ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ,

"ಕೆತ್ತಿದವ ಕಡಲು ನೋಡಿದವನಲ್ಲ.
ನಮ್ಮ ಕಡೆಯ ಯಾವಳೋ ಒಣಮೀನು ಹೊತ್ತು ಘಾಟಿ ಹತ್ತಿದ್ದಾಳೆ.
ಕತ್ತಲಾಗಿದೆ, ಇವನ ಜಗಲಿಯಲ್ಲಿ ಬುಟ್ಟಿ ಇಳಿಸಿದ್ದಾಳೆ.
ಹೇಗುಂಟು ಅಂತ ಕೇಳಿದ್ದಾನೆ. ಅವಳು ಕಡಲಿನದ್ದು ಹೇಳಿದ್ದಾಳೆ:
ಆನೆಯ ಹಾಗೆ ಬರ್ತದೆ, ಬಾಯಿ ಕಳೆದು ನುಂಗ್ತದೆ,
ತಿರುಗಿ ಹೋಗುವಾಗ ನವಿಲು ಗರಿ ಎಳ್ಕೊಂಡು ಹೋದ ಹಾಗೆ.
ಇವ ಮೀನಿನದ್ದು ಅಂತ ತಿಳ್ಕೊಂಡ."

"ಹಂಗೆಲ್ಲ ಶಾಸನ ಇಲ್ಲಮ್ಮ" ಅಂದ ಗೈಡು.
"ಮೀನು ಮಾರುವವಳಿಗೆ ಯಾರು ಶಾಸನ ಹಾಕಿಸ್ತಾರೆ?"
ಅಂದು ಮುಂದಿನ ಮಕರಕ್ಕೆ ನಡೆದಳು.
ಗುಡಿ ಸುತ್ತ ಒಂದೊಂದನ್ನೂ ನೋಡಿದಳು, ಬಿಸಿಲಲ್ಲಿ,
ದೇವರನ್ನು ಮರೆತು.
ಮೂಲೆಯ ಒಂದಕ್ಕೆ ಮಾತ್ರ, "ಇದಕ್ಕೆ ಗಿರಾಕಿ ಸಿಗ್ತದೆ."

ಕಡೆಯ ರಾತ್ರಿ ಎಂ-ಸ್ಯಾಂಡಿನ ಮೇಲೆ ಕೂತಿದ್ದಳು.
ಹೇಗುಂಟು ಅಂತ ನಾನೂ ಕೇಳಿದೆ.
ಅವಳು ಬಹಳ ಹೊತ್ತು ಹೇಳಿದಳು, ಕೈ ಅಗಲಿಸಿ, ಕೈ ಮುಚ್ಚಿ,
ಒಮ್ಮೆ ಎದ್ದು ನಿಂತು.
ನನಗೂ ಅದು ಏನೋ ಒಂದು ಪ್ರಾಣಿಯಾಗಿಯೇ ಕೇಳಿಸಿತು.

ಬೆಳಿಗ್ಗೆ ಉಡುಪಿ ಬಸ್ಸು ಹತ್ತಿಸಿ ಬಂದೆ.
ಶಂಖದ ಸೋಪು ಮೂರನ್ನೂ ಒಯ್ದಿದ್ದರು.

ಈಗ ಯಾರಾದರೂ ನಮ್ಮ ಬೋರ್ಡು ನೋಡಿ ರೇಗಿಸಿದರೆ,
ಏನಪ್ಪ, ಹಾಸನದಲ್ಲಿ ಕಡಲೆಲ್ಲಿ, ಎಂದರೆ
ಹಗರೆ ದಾಟುವ ತನಕ ಸುಮ್ಮನಿರುತ್ತೇನೆ. ಆಮೇಲೆ,
"ಹಳೇಬೀಡಿನ ತನಕ ಬತ್ತದೆ ಸಾರ್.
ಎದೆಮಟ್ಟ."