ಉಚಿತ

ಹನ್ನೊಂದು ಹುಡುಗರು, ಹನ್ನೊಂದು ಕಂಬಳಿ,
ಬಾಗಿಲಾಚೆ ಆರೇಳು ನಾಯಿ.
ಸೆಮೊಂಕಾಂಗಿನ ಮೇಲಣ ಗುಡ್ಡದಲ್ಲಿ ನಮ್ಮ ರಾತ್ರಿಶಾಲೆ
ಶುರುವಾಗುವುದು ಕುರಿಗಳು ದೊಡ್ಡಿ ಸೇರಿದ ಮೇಲೆ.

ಲ್ಯಾಪ್‌ಟಾಪು ಯಾರೋ ಬಳಸಿ ಬಿಟ್ಟದ್ದು.
ಒಂದು ಕೀಲಿ ಉದುರಿದೆ; ಲಿನೇಯೊ ಎಂಬ ನನ್ನ ಹೆಸರು ಬರೆಯಲು
ಆ ಗುಳಿಯೊಳಗೆ ಉಗುರಿನಿಂದ ಒತ್ತಬೇಕು.
ಆಕಾಶ ತೋರಿಸುವ ತಂತ್ರಾಂಶವೊಂದನ್ನು ಹೋದ ಶನಿವಾರ
ಪೇಟೆಯ ಪೋಸ್ಟಾಫೀಸಿನ ಗೋಡೆಗೆ ಒರಗಿ ಕೂತು
ಇಳಿಸಿಕೊಂಡು ಬಂದೆ. ಮೂರು ಗಂಟೆ ಹಿಡಿಯಿತು.
ಪುಕ್ಕಟೆ.

"ಪುಕ್ಕಟೆ ಅಂದರೆ?" ತ್ಲಾಲಿ ಕೇಳಿದ.
ವರ್ಷವಿಡೀ ಪರರ ಮಂದೆ ಕಾದರೆ ಹನ್ನೆರಡು ಕುರಿ,
ಅದು ಅವನಿಗೆ ಗೊತ್ತಿರುವ ಲೆಕ್ಕ.
ಕೊಟ್ಟವನು ಯಾರು, ಅವನಿಗೇನು ಗಿಟ್ಟಿತು,
ಎಂದು ವಾಪಸು ಕೇಳಲು ಬರುತ್ತಾನೆ?
"ಯಾರೋ ಚುಕ್ಕಿ ನೋಡುವ ಹುಚ್ಚರು" ಎಂದೆ,
"ಸಂಜೆ ಕೆಲಸ ಮುಗಿಸಿ ಕೂತು ಮಾಡಿದ್ದಾರೆ."
ಅವನು ನಂಬಲಿಲ್ಲ.
ಬಿಟ್ಟಿ ಎಂಬುದು ಅವನು ಕಂಡಂತೆ ಒಂದೇ: ಚಾಕರಿ.

ಪಾಠ ಇದ್ದದ್ದು ದಿಕ್ಕುಗಳ ಬಗ್ಗೆ.
ಕತ್ತಲಲ್ಲಿ ಮೂರು ಕಣಿವೆ ದಾಟಿ ಬಂದವರಿಗೆ
ನಾನು ಉತ್ತರ ಎಲ್ಲಿದೆಯೆಂದು ಹೇಳಹೊರಟಿದ್ದೆ.
ಪರದೆಯಲ್ಲಿ ಯಾರದೋ ದೇಶದವರು ಗೀರಿದ ಗೂಳಿ,
ಅದರ ಹೆಗಲ ಮೇಲೊಂದು ಗೊಂಚಲು. ಕಂಡದ್ದೇ ತಡ
ಹನ್ನೊಂದು ಬಾಯಿ ಒಟ್ಟಿಗೆ: ಸೆಲೆಮೆಲಾ!
ಉಳುವ ಹೊತ್ತಾಯಿತೆಂದು ಎಬ್ಬಿಸುವ ಚುಕ್ಕಿಗಳು.

ಆಗ ಮೊಖೆಥಿ. ಮಾತೇ ಆಡದ ಹುಡುಗ.
"ಮೇ, ಇದು ಹಿಂದಕ್ಕೂ ಹೋಗುತ್ತದಾ?"
ಎಷ್ಟು ಹಿಂದಕ್ಕೆ?
"ನಾನು ಹುಟ್ಟಿದ ಬೆಳಗಿನವರೆಗೆ."

ಪರೀಕ್ಷೆಯ ಅರ್ಜಿಯಲ್ಲಿ ಅವನ ಆ ಖಾನೆ ಖಾಲಿ.
ಹೋದ ವರ್ಷ ನಾಲ್ವರಿಗೆ ಜನವರಿ ಒಂದು ಎಂದು ಬರೆದು
ಕೈತೊಳೆದುಕೊಂಡವಳು ನಾನೇ.

ಅವನ ಅವ್ವ ಹೇಳಿದ್ದು ಇಷ್ಟು:
ನೀರಿಗೆ ಹೋಗಿದ್ದೆ, ಹಳ್ಳದ ಮೇಲೆ ಗಾಜಿನಂಥ ಮಂಜು,
ಮೂಡಲಲ್ಲಿ ಸೆಲೆಮೆಲಾ ಆ ಚಳಿಗಾಲಕ್ಕೆ ಮೊದಲ ಸಲ ತಲೆಯೆತ್ತಿತ್ತು,
ಅದರ ಮಗ್ಗುಲಲ್ಲೇ ಚಂದ್ರ, ಕತ್ತರಿಸಿದ ಉಗುರಿನಷ್ಟು.
ಅಲ್ಲೇ ನೋವು ಬಂತು.
ನಿನಗೆ ಎರಡು ತಿಂಗಳಾದಾಗ ದೊಡ್ಡ ಹಿಮ ಬಿದ್ದು
ಮಾವನ ಮಂದೆ ಪೂರಾ ಹೋಯಿತು.

ಆ ಹಿಮದ ವರ್ಷ ಯಾರಿಗೆ ನೆನಪಿಲ್ಲ.
ವರ್ಷ ಹಾಕಿದೆ. ಜೂನ್ ಹಾಕಿದೆ. ನಸುಕಿನ ಆರು ಗಂಟೆ.
ಒಂದೊಂದೇ ದಿನ ಒತ್ತಿದೆ.
ಚಂದ್ರ ದಿನಕ್ಕೊಂದು ಗೇಣು ಕೆಳಗಿಳಿದು, ಸವೆದು,
ಹದಿನಾಲ್ಕು, ಹದಿನೈದು, ಹದಿನಾರು,
ನಾಯಿ ಕೂಡ ಬೊಗಳಲಿಲ್ಲ,
ಹದಿನೇಳಕ್ಕೆ ಬಂದು ಗೊಂಚಲ ಪಕ್ಕ ನಿಂತ.
ಹದಿನೆಂಟಕ್ಕೆ ಅವನಿಲ್ಲ, ನೆಲದಡಿಗೆ ಹೋಗಿದ್ದ.
ಹಿಂದಕ್ಕೆ ಒತ್ತಿದೆ. ಹದಿನೇಳು. ಭಾನುವಾರ.

ಮೊಖೆಥಿ ಟೋಪಿ ತೆಗೆದ.
"ಅವ್ವ ಎಲ್ಲಿ ನಿಂತಿದ್ದಳು?"
ಪರದೆಯ ಕೆಳಗಿನ ಅಂಚಿಗೆ ಆ ಹುಚ್ಚರು
ಬಯಲೊಂದನ್ನು ಅಂಟಿಸಿದ್ದಾರೆ, ಯಾವ ಊರಿನದೋ,
ಸೊಂಪಾದ ಹುಲ್ಲು, ನಮ್ಮಲ್ಲಿಲ್ಲದ ಮರಗಳು.
ಅದರ ಮೇಲೆ ಬೆರಳಿಟ್ಟೆ.
ಇಲ್ಲಿ, ಎಂದೆ.

ಅರ್ಜಿಯನ್ನು ಅವನೇ ತುಂಬಿದ. ಏಳನ್ನು ತಿರುಗಾಮುರುಗಾ ಬರೆದು
ಹೊಡೆದುಹಾಕಿ ಮತ್ತೆ ಬರೆದ.

ಬ್ಯಾಟರಿ ಒಂಬತ್ತಕ್ಕೆ ಇಳಿದಿತ್ತು.
ಮುಚ್ಚಲು ಹೊರಟರೆ ತ್ಲಾಲಿ ಕೈ ಅಡ್ಡ ಇಟ್ಟ.
ಅವನು ಹುಟ್ಟಿದ ರಾತ್ರಿ ಕಣಿವೆ ತುಂಬ ಮಂಜು,
ಅಜ್ಜಿಗೆ ತನ್ನ ಕೈಯೇ ಕಾಣಿಸಲಿಲ್ಲವಂತೆ.
ಚುಕ್ಕಿಯಿಲ್ಲದೆ ಹೇಗೋ ಹುಡುಕಲಿ, ಎಂದೆ.
"ದಿನ ಬೇಡ ಮೇ," ಎಂದ,
"ಆ ಮಂಜಿನ ಹಿಂದೆ ಏನಿರುತ್ತಿತ್ತು,
ಅದನ್ನಷ್ಟು ತೋರಿಸು."