ಉಸಿರು ಕಾಯುವ ನಲ್ಲಿ

ಅರ್ವೈಖೇರಿನ ತಗಡು ಶೆಡ್ಡು. ಹೊರಗೆ ಮೈನಸ್ ಇಪ್ಪತ್ತು.
ಅಪ್ಪನ ಜಪಾನ್ ಗಾಡಿಗೆ ಚೀನಾದ ಹೊಸ ಎಂಜಿನ್ನು:
ಕೈಯಾರೆ ಹೊಯ್ದ ಗುಟುಕು ಉರಿವಷ್ಟು ಹೊತ್ತು ಗುಡುಗುಡು,
ಆಮೇಲೆ
ಗಪ್‌ಚುಪ್.

ಕಾರ್ಬ್ಯುರೇಟರ್ ನಾಲ್ಕು ಸಲ ಬಿಚ್ಚಿದ್ದಾಯಿತು,
ಜೆಟ್ಟಿಗೆ ಕುದುರೆಬಾಲದ ಕೂದಲು ತೂರಿಸಿದ್ದಾಯಿತು.
"ಟ್ಯಾಂಕು ತುಂಬಿದೆಯಲ್ಲ, ಯಾಕೆ ಇಳಿಯಲೊಲ್ಲದು?"
ಗಾನ್ಸುಖನ ಪ್ರಶ್ನೆ ಬಾಯಿಂದ ಹಬೆಯಾಗಿ ಹೊರಟಿತು.

ಒಯುನ್ ಮಾತಾಡಲಿಲ್ಲ. ನಲ್ಲಿಯ ಹಿಂದೆ
ಎಲ್ಲಿಗೂ ಸೇರದೆ ಜೋತುಬಿದ್ದ ಸಣ್ಣ ಕೊಳವೆ
ಬಾಯಿಗಿಟ್ಟು ಎಳೆದಳು—
ಸುರಿಯಿತು ಪೆಟ್ರೋಲು, ಅವನ ಬೂಟಿನ ಮೇಲೆ.

ಹಳೇ ಎಂಜಿನ್ನು ಉಸಿರೆಳೆದರೆ ಮಾತ್ರ
ತೆರೆಯುತ್ತಿದ್ದ ಬಾಗಿಲು ಇದು.
ಹೊಸದಕ್ಕೆ ಆ ತೂತೇ ಇಲ್ಲ.

ಅವನು ಬಿಚ್ಚಿದ, ಒರೆಸಿದ, ಜೇಬಿಗಿಳಿಸಿದ.
ಕೈಯಲ್ಲಿ ತಿರುಗಿಸುವಂಥದ್ದೊಂದನ್ನು
ಗುಜರಿ ಡಬ್ಬದಲ್ಲಿ ಹುಡುಕುತ್ತಿದ್ದಾಳೆ ಅವಳು,
ಇನ್ನೂ ಉಗಿಯುತ್ತ.