ಎಡಕ್ಕಿರುವ ಪೂರ್ವ

ರಾಜಧಾನಿಯಿಂದ ಬಂದ ಹೊಸ ಭೂಪಟ
ಬಿಚ್ಚಿದಷ್ಟೂ ಮತ್ತೆ ಸುತ್ತಿಕೊಳ್ಳುತ್ತಿತ್ತು,
ಈಗಷ್ಟೇ ಹುಟ್ಟಿದ ಕುರಿಮರಿಯ ಕಿವಿಯ ಹಾಗೆ.
ಮೂಲೆಗೊಂದು ಮೊಳೆ ಹೊಡೆದು
ಐದನೆಯ ತರಗತಿಗೆ ಹೇಳಿದೆ: ಇದು ನಮ್ಮ ಗೋಬಿ.
ಯಾರೂ ನಂಬಲಿಲ್ಲ. ಅದರಲ್ಲಿ ಗಾಳಿಯೇ ಇರಲಿಲ್ಲ.

ಮೇಲೆ ಉತ್ತರ, ಕೆಳಗೆ ದಕ್ಷಿಣ.
ಪುಸ್ತಕದಲ್ಲಿ ಹಾಗೇ ಇದೆ.
'ಹೊಂಗೊರ್‌ಜುಲ್, ಪೂರ್ವ ತೋರಿಸು.'
ಎದ್ದು ಬಂದಳು, ಕೋಲು ಇಸಿದುಕೊಂಡಳು,
ಚೂರೂ ಅನುಮಾನವಿಲ್ಲದೆ
ಪಟದ ಎಡ ಅಂಚಿಗೆ ಕುಟ್ಟಿದಳು.

ನಗಬೇಡಿ. ನಮ್ಮ ಮಾತಿನಲ್ಲಿ
ಎಡಕ್ಕೂ ಪೂರ್ವಕ್ಕೂ ಒಂದೇ ಶಬ್ದ,
ಬಲಕ್ಕೂ ಪಶ್ಚಿಮಕ್ಕೂ ಇನ್ನೊಂದು.
ನಮ್ಮ ದುಂಡು ಗೆರ್‌ಗೆ ಒಂದೇ ಬಾಗಿಲು, ಅದೂ ದಕ್ಷಿಣಕ್ಕೆ.
ಬೆಳಿಗ್ಗೆ ಎದ್ದು ಹೊಸ್ತಿಲಲ್ಲಿ ನಿಂತವರಿಗೆ
ದಕ್ಷಿಣವೇ ಮುಂದು, ಉತ್ತರವೇ ಬೆನ್ನು,
ಸೂರ್ಯ ಎಡಭುಜ ಸವರಿಕೊಂಡು ಏರುತ್ತಾನೆ.
ಹತ್ತು ವರ್ಷದ ಹುಡುಗಿ
ಇದನ್ನೆಲ್ಲ ಮೈಯಲ್ಲೇ ಹೊತ್ತು ಬಂದಿದ್ದಳು.
ಹತ್ತೊಂಬತ್ತು ವರ್ಷ ಕಲಿಸಿದ ದುಲಮ್‌ಸುರೆನ್ ಟೀಚರು, ಅಂದರೆ ನಾನು,
ಅವತ್ತು ಕೋಲು ಕೆಳಗಿಟ್ಟೆ.

ಮೊಳೆ ಕಿತ್ತು ಪಟವನ್ನು ನೆಲಕ್ಕೆ ಹಾಸಿದೆವು.
ದಕ್ಷಿಣವನ್ನು ಬಾಗಿಲ ಕಡೆ ತಿರುಗಿಸಿ
ಉತ್ತರದ ಅಂಚಿನಲ್ಲಿ ಮಂಡಿಯೂರಿದೆವು.
ಅಕ್ಷರಗಳೆಲ್ಲ ತಲೆಕೆಳಗಾದವು.
ಬೆಟ್ಟಗಳು ಮಾತ್ರ, ಕಿಟಕಿಯಾಚೆಯ ಬೆಟ್ಟಗಳ ಸಾಲಿಗೆ
ಸಂಜೆಯ ಮೇಕೆಗಳಂತೆ ಬಂದು ಸೇರಿಕೊಂಡವು.

ಮೂಲೆಯಲ್ಲಿರುವ ಈ ಪಟ್ಟಿ ಅಳತೆಗೆ:
ಒಂದು ಸೆಂಟಿಮೀಟರು ಅಂದರೆ ಹತ್ತು ಕಿಲೋಮೀಟರು.
ಗೊನ್ಚಿಗ್ ಕೇಳಿದ: 'ಹೊರೆ ಹೊತ್ತ ಒಂಟೆಗೋ,
ಬರಿಬೆನ್ನಿನ ಒಂಟೆಗೋ?'
ಎರಡಕ್ಕೂ ಅಷ್ಟೇ ಎಂದೆ.
'ಹಾಗಾದರೆ ಇದನ್ನು ಬರೆದವನು ನಡೆದಿಲ್ಲ ಬಿಡಿ.'

ಮುಷ್ಟಿ ಹಿಡಿಯಿರಿ. ಗೆಣ್ಣಿನ ಸುತ್ತ
ಪೆನ್ನಿನಲ್ಲಿ ಒಂದು ಉಂಗುರ, ಅದರ ಕೆಳಗೊಂದು,
ಅದರ ಕೆಳಗೆ ಇನ್ನೊಂದು.
ಒಂದು ಉಂಗುರದ ಉದ್ದಕ್ಕೂ ಒಂದೇ ಎತ್ತರ.
ಈಗ ಬೆರಳು ಬಿಚ್ಚಿ.
ಬೆಟ್ಟ ಇಳಿದುಹೋಗಿ ಚರ್ಮದ ಮೇಲೆ ಬರೀ ಗೆರೆ ಉಳಿಯಿತು.
ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಜಾಗ, ಕುದುರೆ ಇಳಿದು ನಡೆಯಿರಿ;
ದೂರ ದೂರ ಇದ್ದರೆ ಬಯಲು, ಹಾಡಿಕೊಂಡು ಹೋಗಿ.
ಅವತ್ತು ಹಾಸ್ಟೆಲಿನಲ್ಲಿ ಒಬ್ಬರೂ ಕೈ ತೊಳೆಯಲಿಲ್ಲವಂತೆ.
ಅಡುಗೆಯವಳು ಬಂದು ನನ್ನನ್ನು ಬೈದು ಹೋದಳು.

ನೀಲಿ ಚುಕ್ಕೆ ಅಂದರೆ ಬಾವಿ.
'ಇದರ ನೀರು ಕಹಿ, ಕುರಿ ಮೂಸಿ ಹಿಂದೆ ಸರಿಯುತ್ತವೆ.'
'ಇದರ ಹಗ್ಗ ಹೋಗಿದೆ.'
'ಇದರ ಹತ್ತಿರ ನನ್ನ ತಮ್ಮ ಹುಟ್ಟಿದ.'
ಸಂಕೇತಗಳ ಪಟ್ಟಿಯಲ್ಲಿ ಕಹಿಗೆ ಗುರುತಿರಲಿಲ್ಲ.
ಪೆನ್ಸಿಲಿನಲ್ಲಿ ನಾವೇ ಒಂದು ಮಾಡಿಕೊಂಡೆವು:
ನಾಲಿಗೆ ಚಾಚಿದ ಪುಟ್ಟ ಮುಖ.
ತಮ್ಮನಿಗೆ ಏನು ಹಾಕುವುದೋ ತಿಳಿಯದೆ ಬಿಟ್ಟೆವು.

ಪರೀಕ್ಷೆ ನಗರದಿಂದ ಬರುತ್ತದೆ,
ಅದರಲ್ಲಿ ಪೂರ್ವ ಬಲಕ್ಕೇ ಇರುತ್ತದೆ.
ಅದನ್ನೂ ಕಲಿಸಿದೆ. ಬೇರೆಯವರ ಮನೆಗೆ ಹೋದಾಗ
ಅವರು ತೋರಿಸಿದ ಕಡೆ ಕೂರಬೇಕಲ್ಲ, ಹಾಗೆ.

ವಸಂತದ ರಜೆಗೆ ಮಗಳನ್ನು ಕರೆದೊಯ್ಯಲು
ಸಂಬೂ ಬಂದ, ಮೋಟಾರ್‌ಸೈಕಲ್ಲಿನಲ್ಲಿ, ಹುಬ್ಬಿನ ತುಂಬ ಮಣ್ಣು.
ಪಟ ಇನ್ನೂ ನೆಲದಲ್ಲೇ ಇತ್ತು.
ಈಗ ನಿಮ್ಮ ಗೆರ್ ಎಲ್ಲಿದೆ, ತೋರಿಸಿ, ಎಂದೆ.
ಪಟವನ್ನು ಒಂದು ಸುತ್ತು ಬಂದು
ಬಾಗಿಲಿಗೆ ಮುಖಮಾಡಿ ಕುಕ್ಕರಗಾಲಲ್ಲಿ ಕೂತ,
ಕೈಗವಸು ಕಳಚಿ ಹೆಬ್ಬೆರಳು ಒತ್ತಿದ.
ಅದರಡಿ ಇಪ್ಪತ್ತು ಕಿಲೋಮೀಟರು ಮುಚ್ಚಿಹೋಯಿತು,
ಎರಡು ಬಾವಿಯ ಸಮೇತ.

'ಇಲ್ಲೇ ಎಲ್ಲೋ,' ಎಂದ.
'ಹುಲ್ಲು ಸೋಮವಾರದವರೆಗೆ ಬಂದರೆ.'